ಕಾಲು ತಾಗಿದ ಮೇಲೆ

ವಾಡಿ
೮ ಜನವರಿ ೨೦೨೫

ಕರುಣಾ ಮೇಡಂ ಅವರಿಗೆ ವಾಡಿಯಿಂದ ಬಂದೇಅಲಿ ಮಾಡುವ ಸಲಾಮು.

ಫೋನಿನಲ್ಲಿ ನಾನು ಎಲ್ಲ ಆಟಗಾರರನ್ನೂ ಹೊಗಳುತ್ತೇನೆ, ಆದ್ದರಿಂದ ಈ ವರ್ಷ ವರದಿಯನ್ನು ಕಾಗದದ ಮೇಲೆಯೇ ಬರೆದು ಅಂಚೆಗೆ ಹಾಕಬೇಕು ಎಂದು ಹುಕುಂ ಮಾಡಿದ್ದೀರಿ. ಸುಳ್ಳು ಬರೆಯುವಾಗ ಕೈ ನಡುಗುತ್ತದೆ ಎಂಬುದು ನಿಮ್ಮ ಲೆಕ್ಕಾಚಾರ. ಆಯುಷ್ಯವೆಲ್ಲ ರೈಲ್ವೆಯಲ್ಲಿ ವರದಿ ಬರೆದವನ ಕೈ ಅಷ್ಟು ಸುಲಭಕ್ಕೆ ನಡುಗುವುದಿಲ್ಲ ಮೇಡಂ. ಆದರೂ ನಿಮ್ಮ ಮಾತು ಮೀರುವುದಿಲ್ಲ. ನನ್ನ ಹೆಂಡತಿ ಮಾಸುಮಬಿಗಂತೂ ಇದು ಭಾಳ ಸೇರಿದೆ. "ಬರೀರಿ, ಬರೀರಿ. ಬರಿಯೋ ಹೊತ್ತಿಗರೆ ಬಾಯಿ ಮುಚ್ಚಿರ್ತದ" ಎಂದು ಚಹಾ ತಂದಿಟ್ಟು ಹೋಗಿದ್ದಾಳೆ.

ನಮ್ಮ ಮಲಪ್ರಭಾ ತಂಡಕ್ಕೆ ಲೀಗಿನ ತಂಡಗಳು ಸರದಿಯಂತೆ ಹೆಸರು ಕೂಗಿ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಈ ಸಲದ ಡ್ರಾಫ್ಟಿನಲ್ಲಿ ಕಾಲೇಜಿನ ಕೊನೆಯ ವರ್ಷದ ಒಬ್ಬಳೇ ಒಬ್ಬಳು ರೇಡರ್ ಬೇಕು ಎಂದಿದ್ದಿರಿ. ಡಿಸೆಂಬರ್ ತುಂಬ ಅದೇ ಕೆಲಸ. ಶಹಾಬಾದ, ಚಿತ್ತಾಪುರ, ಸೇಡಂ ಎಲ್ಲ ರೈಲಿನಲ್ಲಿ, ಚಿಂಚೋಳಿ ಬಸ್ಸಿನಲ್ಲಿ. ಚಿಂಚೋಳಿಯ ಚಂದಮ್ಮನಿಗೆ ಗೂಳಿಯ ಶಕ್ತಿ ಇದೆ. ಆದರೆ ಔಟಾದರೆ ಅಂಗಳ ಬಿಡುವುದಿಲ್ಲ, ಅಂಪೈರ್ ಜೊತೆ ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಜಗಳ ತೆಗೆಯುತ್ತಾಳೆ. ಚಿತ್ತಾಪುರದ ಸಮ್ರೀನ್ ಒಳ್ಳೆಯ ಆಟಗಾರ್ತಿ, ಆದರೆ ರೇಡರ್ ಅಲ್ಲ. ಬಲ ಮೂಲೆಯಲ್ಲಿ ನಿಂತು ಹಿಡಿಯುವವಳು. ಕಣಕಾಲಿಗೆ ಕೈ ಹಾಕಿದಳೆಂದರೆ ಬಿಡಿಸಲು ತಹಸೀಲ್ದಾರರೇ ಬರಬೇಕು.

ಈಗ ರಮಾಬಾಯಿಯ ವಿಷಯ. ಕುರಕುಂಟಾದ ಹುಡುಗಿ, ಸೇಡಂನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಳೆ. ಕಾಲು ಉದ್ದ, ಮಾತು ಗಿಡ್ಡ. "ಕಬಡ್ಡಿ ಕಬಡ್ಡಿ" ಎನ್ನುತ್ತ ಎದುರಾಳಿಯ ಅಂಗಳಕ್ಕೆ ಹೋದರೆ, ದೂರ ನಿಂತೆನೆಂದು ಧೈರ್ಯವಾಗಿದ್ದವಳಿಗೂ ಅವಳ ಕಾಲಿನ ತುದಿ ತಾಗಿರುತ್ತದೆ. ಇಂಥ ಟೋ ಟಚ್ ಅನ್ನು ನಾನು ರೈಲ್ವೆ ತಂಡಕ್ಕೆ ಆಡುತ್ತಿದ್ದಾಗಲೂ ನೋಡಿರಲಿಲ್ಲ.

"ಲೀಗಿಗಿ ಕರದ್ರ ಹೋಗ್ತೀಯೇನವ್ವ?" ಎಂದು ಕೇಳಿದೆ.

"ನನಗ ಆಡಬೇಕ್ರಿ ಚಾಚಾ. ಎಲ್ಲಿ ಕರದ್ರ ಅಲ್ಲಿ ಹೋಗ್ತೀನಿ. ಡಿಗ್ರಿ ಮುಗೀತಂದ್ರ ಕಾಲೇಜ್ ಟೀಮಿಲ್ಲ. ನಮ್ಮೂರಾಗ ಹುಡುಗ್ಯಾರ ಟೀಮೇ ಇಲ್ಲ. ಮುಂದ ಯಾರ ಜೋಡಿ ಆಡ್ಲಿ?"

ಅವಳಿಗೆ ಇರುವುದು ಈ ಡ್ರಾಫ್ಟ್ ಒಂದೇ. ಬರುವ ವರ್ಷ ಕಾಲೇಜಿನ ಪಟ್ಟಿಯಲ್ಲಿ ಅವಳ ಹೆಸರು ಇರುವುದಿಲ್ಲ. ಶಹಾಬಾದದ ಪಂದ್ಯದ ವಿಡಿಯೊ ನಿಮ್ಮ ಮೊಬೈಲಿಗೆ ಹಾಕಿದ್ದೇನೆ. ಹುಡುಗಿಯಲ್ಲಿ ದೋಷವೇನೂ ಇಲ್ಲ.

ಬಂದೇಅಲಿ


ಹುಬ್ಬಳ್ಳಿ
೧೬ ಜನವರಿ ೨೦೨೫

ಬಂದೇಅಲಿ ಅವರಿಗೆ ನಮಸ್ಕಾರಗಳು.

ವರದಿ ತಲುಪಿತು. ಕಾಗದದ ಮೇಲೂ ನೀವು ಹೊಗಳುವುದನ್ನು ಬಿಟ್ಟಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಮ್ಮ ಸ್ಕೌಟುಗಳಿಗೆ ಅವರವರ ತಾಲ್ಲೂಕು ಮುದ್ದು.

ವಿಡಿಯೊವನ್ನು ಯಾರೋ ಗೋಡೆ ಹತ್ತಿ ತೆಗೆದಿದ್ದಾರೆ, ಅರ್ಧ ಆಟ ಬೇವಿನ ಟೊಂಗೆಯೇ ಕಾಣುತ್ತದೆ. ಕಂಡಷ್ಟರಲ್ಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ರಮಾಬಾಯಿ ಕೈಯಿಂದ ಮುಟ್ಟಿದಾಗ ಗಾಳಿಯಂತೆ ವಾಪಸ್ಸು ಬರುತ್ತಾಳೆ. ಕಾಲಿನಿಂದ ಮುಟ್ಟಿದಾಗ ಮಾತ್ರ ತಿರುಗಿ ಓಡುವ ಬದಲು ಅಲ್ಲೇ ಕೆಳಗೆ ಬಗ್ಗುತ್ತಾಳೆ. ಅಷ್ಟರಲ್ಲಿ ಎದುರಾಳಿಗಳು ಅವಳ ಮೇಲೆ ಬಿದ್ದಿರುತ್ತಾರೆ. ಇದು ಒಂದು ಸಲ ಆದದ್ದಲ್ಲ, ಪ್ರತಿ ಸಲವೂ ಆಗಿದೆ. ನಮ್ಮ ಕೋಚ್ ರಮೇಶಕುಮಾರ ಸರ್ ನೋಡಿದವರೇ "ಮೊಣಕಾಲು ಹೋಗಿದೆ" ಎಂದರು. ನೀವು ದೋಷವಿಲ್ಲ ಎಂದು ಬರೆದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ.

ಕಲಬುರಗಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ, ಖರ್ಚು ತಂಡದ್ದು. ಇನ್ನೊಂದು ವಿಷಯ. ಫೆಬ್ರುವರಿ ೨೩ರ ಅಂತಿಮ ಟ್ರಯಲ್‌ಗೆ ಈ ಸಲ ಸ್ಕೌಟುಗಳು ಬರುವಂತಿಲ್ಲ. ಹೋದ ವರ್ಷ ಒಬ್ಬರು ಕೂಗುತ್ತ ಕೂಗುತ್ತ ಮ್ಯಾಟಿನ ಮೇಲೆಯೇ ಬಂದುಬಿಟ್ಟಿದ್ದರು. ಅವರು ಯಾರೆಂದು ನಿಮಗೆ ಗೊತ್ತಿದೆ.

ಕರುಣಾ
ಆಟಗಾರರ ಆಯ್ಕೆ ವಿಭಾಗ


ವಾಡಿ
೨೪ ಜನವರಿ ೨೦೨೫

ಕರುಣಾ ಮೇಡಂ ಅವರಿಗೆ ಸಲಾಮು.

ಸ್ಕ್ಯಾನ್ ಆಯಿತು. ಮೊಣಕಾಲು ಹೊಸ ರೈಲು ಹಳಿಯಂತಿದೆ. ಡಾಕ್ಟರೇ ಫಿಲ್ಮನ್ನು ಬೆಳಕಿಗೆ ಹಿಡಿದು, "ಇಂಥಾ ಮೊಣಕಾಲು ನನಗಿದ್ರ ನಾನೂ ಕಬಡ್ಡಿ ಆಡ್ತಿದ್ದೆ" ಎಂದರು. ಫಿಲ್ಮು ಇದರ ಜೊತೆಗಿದೆ. ರಮೇಶಕುಮಾರ ಸರ್ ಬೇಕಾದರೆ ಇದರ ಮೇಲೂ ಗೆರೆ ಎಳೆಯಲಿ.

ಇನ್ನು ಬಗ್ಗುವ ವಿಷಯ. ಶಹಾಬಾದದ ಅಂಗಳ ನಿಮಗೆ ಗೊತ್ತಿಲ್ಲ. ಸುತ್ತ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿ, ಎಲ್ಲಿ ಕಾಲಿಟ್ಟರೂ ಕಲ್ಲಿನ ಚಕ್ಕೆ. ಪಾಪ, ಹುಡುಗಿ ಅಂಗಾಲಿಗೆ ಚುಚ್ಚಿದ್ದನ್ನು ತೆಗೆಯಲು ಬಗ್ಗುತ್ತಾಳೆ. ಇದು ಸಣ್ಣ ಸಂಗತಿ. ಇದನ್ನು ದೊಡ್ಡದು ಮಾಡಬೇಡಿ.

ಬಂದೇಅಲಿ


ಹುಬ್ಬಳ್ಳಿ
೩೦ ಜನವರಿ ೨೦೨೫

ಬಂದೇಅಲಿ ಅವರೇ,

ಕಲಬುರಗಿಯ ಅಂತರ ಕಾಲೇಜು ಪಂದ್ಯದ ವಿಡಿಯೊ ನನಗೆ ಬೇರೆಯವರಿಂದ ಸಿಕ್ಕಿತು. ಅದು ಮ್ಯಾಟಿನ ಮೇಲೆ ಆಡಿದ ಪಂದ್ಯ. ಅಲ್ಲಿಯೂ ರಮಾಬಾಯಿ ಟೋ ಟಚ್ ಮಾಡಿದಾಗಲೆಲ್ಲ ಬಗ್ಗಿದ್ದಾಳೆ, ಸಿಕ್ಕಿಬಿದ್ದಿದ್ದಾಳೆ. ಮ್ಯಾಟಿನ ಮೇಲೆ ಶಹಾಬಾದದ ಕಲ್ಲು ಹೇಗೆ ಬಂತು? ಗೂಡ್ಸ್ ಗಾಡಿಯಲ್ಲಿ ತರಿಸಿದಿರಾ?

ನನಗೆ ಸಿಟ್ಟು ಬಂದಿದೆ, ಯಾಕೆಂದು ಹೇಳಿಬಿಡುತ್ತೇನೆ. ಈ ವರ್ಷ ನೋಡಿದ ಅಷ್ಟೂ ವಿಡಿಯೊಗಳಲ್ಲಿ ನಾನು ಹಿಂದೆ ತಿರುಗಿಸಿ ಮತ್ತೆ ನೋಡಿದ್ದು ಈ ಹುಡುಗಿಯದನ್ನು ಮಾತ್ರ. ಅವಳು ಬೇಕು ಎಂದು ಕೋಚ್ ಎದುರು ವಾದಿಸಲು ನಾನು ತಯಾರಿದ್ದೇನೆ. ನೀವೇ ನನ್ನಿಂದ ಮುಚ್ಚಿಟ್ಟರೆ ಯಾವ ಮುಖ ಇಟ್ಟುಕೊಂಡು ವಾದಿಸಲಿ? ನಿಜ ಬರೆಯಿರಿ. ಇಲ್ಲದಿದ್ದರೆ ಟ್ರಯಲ್ ಪಟ್ಟಿಯಿಂದ ಅವಳ ಹೆಸರನ್ನು ನಾನೇ ತೆಗೆಯಬೇಕಾಗುತ್ತದೆ.

ಕರುಣಾ


ವಾಡಿ
೫ ಫೆಬ್ರುವರಿ ೨೦೨೫

ಕರುಣಾ ಮೇಡಂ,

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯುವುದಿದ್ದರೆ ನನಗೆ ಒದೆಯಿರಿ, ಹುಡುಗಿಯನ್ನು ಬಿಟ್ಟುಬಿಡಿ.

ನಮ್ಮ ಕಾಲು ಯಾರಿಗಾದರೂ ತಾಗಿದರೆ ನಾವೆಲ್ಲ ಏನು ಮಾಡುತ್ತೇವೆ? ಅವರನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ರಮಾಬಾಯಿ ಆಟದ ನಡುವೆ ಅದನ್ನೇ ಮಾಡುತ್ತಾಳೆ. ಕಾಲಿನಿಂದ ಎದುರಾಳಿಯನ್ನು ಔಟ್ ಮಾಡುತ್ತಾಳೆ, ತಕ್ಷಣ ಬಗ್ಗಿ ಆಕೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಅಷ್ಟರಲ್ಲಿ ಅವಳೇ ಔಟ್. ಇಷ್ಟೇ ಸಂಗತಿ.

ಮೊದಲ ದಿನವೇ ನಾನು ಇದನ್ನು ನೋಡಿ ಕೇಳಿದ್ದೆ. "ಇದೇನವ್ವ?"

"ಕಾಲು ತಾಗ್ತಲ್ರೀ ಚಾಚಾ."

"ತಾಗ್ಲಿ ಅಂತನೇ ಆಟ ಇರೋದು!"

"ಗೊತ್ತದರಿ. ಆದ್ರ ಕೈ ತಾನೇ ಹೋಗ್ತದ."

ನಿಮಗೆ ಬರೆಯಲಿಲ್ಲ, ಯಾಕೆಂದರೆ ಹುಬ್ಬಳ್ಳಿಯಲ್ಲಿ ಎಲ್ಲರೂ ಕೂಡಿ ನಗುತ್ತೀರಿ, ನಕ್ಕು ಹೆಸರು ಹೊಡೆದುಹಾಕುತ್ತೀರಿ ಎಂದು ಹೆದರಿದೆ. ಟ್ರಯಲ್‌ಗೆ ಮೊದಲು ನಾನೇ ಬಿಡಿಸಿಬಿಡಬಹುದು ಎಂಬ ಹಮ್ಮೂ ಇತ್ತು. ವಾರಕ್ಕೆರಡು ಸಲ ಸೇಡಂಗೆ ಹೋಗುತ್ತಿದ್ದೇನೆ. ಅಂಗಳದ ತುಂಬ ತೊಗರಿ ಚೀಲ ನಿಲ್ಲಿಸಿ ಟೋ ಟಚ್ ಮಾಡಿಸಿದೆ. ಚೀಲಕ್ಕೆ ಅವಳು ಕೈ ಮುಗಿಯಲಿಲ್ಲ, ಬಾಣದಂತೆ ವಾಪಸ್ಸು ಬಂದಳು. ಗೆದ್ದೆ ಅಂದುಕೊಂಡು ಚೀಲದ ಜಾಗದಲ್ಲಿ ನಾನೇ ನಿಂತೆ. ಅವಳ ಕಾಲು ನನಗೆ ತಾಗಿತು. ಹಿರಿಯ ಎಂದು ಎರಡೂ ಕೈಯಿಂದ ನನ್ನ ಎರಡೂ ಪಾದ ಮುಟ್ಟಿದಳು! ಸೇಡಂ ಹುಡುಗಿಯರು ನಗುತ್ತ ನಮ್ಮಿಬ್ಬರ ಮೇಲೆಯೇ ಬಿದ್ದರು. ಸೊಂಟ ಇನ್ನೂ ನೋಯುತ್ತಿದೆ. ಕೈಗಳನ್ನು ಹಿಂದಕ್ಕೆ ಕಟ್ಟಿಸಿ ನೋಡಿದೆ. ಆಗ ತಲೆ ಬಾಗಿಸಿದಳು.

ಮಾಸುಮಬಿ ಹೇಳುತ್ತಾಳೆ, ಮುಂಚೆಯೇ ನಿಮಗೆ ಹೇಳಬೇಕಿತ್ತಂತೆ. ಅವಳು ಹೇಳಿದ್ದು ಖರೆ. ಈಗ ಏನು ಮಾಡುವುದೆಂದು ನೀವೇ ಹೇಳಿ.

ಬಂದೇಅಲಿ


ಹುಬ್ಬಳ್ಳಿ
೧೧ ಫೆಬ್ರುವರಿ ೨೦೨೫

ಬಂದೇಅಲಿ ಸರ್,

ನಕ್ಕೆ, ಒಪ್ಪಿಕೊಳ್ಳುತ್ತೇನೆ. ನೀವು ಸೊಂಟ ಹಿಡಿದುಕೊಂಡು ಬಿದ್ದದ್ದನ್ನು ಓದುವಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅದೇ ಮಧ್ಯಾಹ್ನ ಮೀಟಿಂಗಿನಲ್ಲಿ ಮೇಜಿನ ಕೆಳಗೆ ನನ್ನ ಕಾಲು ಪಕ್ಕದವರಿಗೆ ತಾಗಿತು. ನನ್ನ ಕೈ ಅವರ ತೋಳು ಮುಟ್ಟಿ ಕಣ್ಣಿಗೆ ಹೋಗಿತ್ತು. ನಾನು ಹೋಗೆಂದು ಹೇಳಿರಲಿಲ್ಲ. ರಮಾಬಾಯಿಯನ್ನು ನೋಡಿ ನಗುವ ಹಕ್ಕು ನನಗೆ ಇಲ್ಲ.

ಆದರೆ ಹಿಡಿಯಲು ನಿಂತವರಿಗೆ ಕರುಣೆ ಇರುವುದಿಲ್ಲ. ಟ್ರಯಲ್‌ನಲ್ಲಿ ಅವಳು ಬಗ್ಗಿದರೆ ಅಲ್ಲಿಗೆ ಮುಗಿಯಿತು. ನನಗೊಂದು ಉಪಾಯ ಹೊಳೆದಿದೆ. ಆಟ ಶುರುವಾಗುವ ಮೊದಲೇ ಎದುರಿನ ಏಳು ಮಂದಿಯ ಹತ್ತಿರವೂ ಹೋಗಿ, ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬಂದುಬಿಡಲಿ. ಮುಂಗಡ ಕ್ಷಮೆ. ಆಮೇಲೆ ಎಷ್ಟು ಬೇಕಾದರೂ ಕಾಲು ತಾಗಲಿ.

ಕೋಚ್‌ಗೆ ನಾನು ಪೂರ್ತಿ ಹೇಳಿಲ್ಲ. "ಹಳೆಯ ಅಭ್ಯಾಸ, ತಿದ್ದುತ್ತಿದ್ದಾರೆ" ಎಂದಷ್ಟೇ ಹೇಳಿದ್ದೇನೆ. ನಿಮ್ಮ ಸಹವಾಸದಿಂದ ನಾನೂ ಮುಚ್ಚಿಡಲು ಕಲಿತೆ.

ಕರುಣಾ


ವಾಡಿ
೧೮ ಫೆಬ್ರುವರಿ ೨೦೨೫

ಬೇಟಿ ಕರುಣಾ,

ಮೇಡಂ ಎನ್ನುವುದನ್ನು ಬಿಟ್ಟಿದ್ದೇನೆ. ನಿಮ್ಮ ಕೈಯೂ ತಾನೇ ಹೋಯಿತಲ್ಲ, ಇನ್ನು ನೀವು ನಮ್ಮವರು.

ನಿಮ್ಮ ಉಪಾಯವನ್ನು ರಮಾಬಾಯಿಗೆ ಹೇಳಿದೆ. "ಆಯಿಗಿ ಕೇಳಬೇಕ್ರಿ" ಎಂದಳು. ಈ ಪಾಠ ಕಲಿಸಿದ್ದೇ ಅವಳ ಆಯಿಯಂತೆ, ಅಂದರೆ ಅಪ್ಪನ ತಾಯಿ ಅನಸುಬಾಯಿ. ಕುರಕುಂಟಾಕ್ಕೆ ಹೋದೆ. ಮುದುಕಿ ಅಂಗಳದಲ್ಲಿ ಮೊರ ಹಿಡಿದು ತೊಗರಿ ಕೇರುತ್ತ ಕುಳಿತಿದ್ದರು. "ಜೈ ಭೀಮ್ ಅಕ್ಕಾ" ಅಂದೆ. "ಜೈ ಭೀಮ್, ಬರ್ರಿ ಸಾಬ್ರ, ಕುಂದ್ರಿ" ಅಂದರು. ನಾನು ಕುಳಿತು ಅರ್ಜಿ ಸಲ್ಲಿಸಿದೆ.

"ಆಟಕ್ಕಿಂತ ಮೊದಲೇ ಏಳೂ ಮಂದಿಗಿ ಮಾಫ್ ಕೇಳಿಬಿಟ್ರ ನಡೀತದೇನಕ್ಕಾ?"

ಮೊರ ನಿಂತಿತು. "ಒದೆಯೋಕಿಂತ ಮೊದಲ ಮಾಫೀನ? ಹಂಗಾದ್ರ ಊರಾಗ ಒದೆಯೋರೆಲ್ಲಾ ಮುಂಜಾನೆದ್ದು ಒಂದ್ ಸಲ ಕೈ ಮುಗಿದು, ದಿನಾ ಪೂರಾ ಒದ್ಕೋತ ಅಡ್ಡಾಡ್ತಾರ."

ನಿಮ್ಮ ಮುಂಗಡ ಕ್ಷಮೆ ಅಲ್ಲಿಗೆ ವಜಾ ಆಯಿತು. ನಾನು ಬಿಡಲಿಲ್ಲ. "ಹಂಗಾದ್ರ ಮಾಫ್ ಕೇಳೋದೇ ಬಿಡ್ಲಿ. ಆಟ ಅದು."

ಅನಸುಬಾಯಿ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು. "ಸಾಬ್ರ, ನಮ್ಮ ಕಾಲದಾಗ ಯಾರ್ದರೆ ಕಾಲು ನಮಗ ತಾಗಿದ್ರ, ಅವರು ನಮ್ಮನ್ನ ಮುಟ್ಟಿ ಕಣ್ಣಿಗಿ ಒತ್ಕೊಂಡಿದ್ದು ಒಂದಿನಾನೂ ನೋಡಿಲ್ಲ. ನಮ್ಮನ್ನ ಮುಟ್ಟಿದ್ರ ಮೈ ತೊಳಕೊಳ್ಳೋರು, ಮಾಫ್ ಎಲ್ಲಿಂದ ಕೇಳ್ತಾರ? ಅದಕ್ಕೇ ಇಕಿಗಿ ಸಣ್ಣಾಕಿದ್ದಾಗಿಂದ ಹೇಳೀನಿ. ದೊಡ್ಡವರಿರ್ಲಿ, ಸಣ್ಣವರಿರ್ಲಿ, ಯಾರಿಗೇ ತಾಗ್ಲಿ, ಕೇಳು ಅಂತ. ಅದೊಂದು ಬಿಡಸಬ್ಯಾಡ್ರಿ."

ನಾನೂ ಮೊರದಿಂದ ಒಂದು ಹಿಡಿ ತೊಗರಿ ತೆಗೆದು ಕಲ್ಲು ಆರಿಸತೊಡಗಿದೆ. ಬಾಗಿಲಲ್ಲಿ ನಿಂತಿದ್ದ ರಮಾಬಾಯಿಯೇ ಕೇಳಿದಳು, "ಆಯಿ, ಆಟ ಮುಗಿದ ಮ್ಯಾಲ ಕೇಳ್ಲೇನು?"

ಮುದುಕಿ ಮೊರ ಕೆಳಗಿಟ್ಟರು. "ಕೇಳು. ಆದ್ರ ಎಲ್ಲಾರಿಗೂ ಕೂಡಿ ಒಂದ್ ಕೈ ಮುಗದ್ರ ಆಗಂಗಿಲ್ಲ. ಯಾರ್ಯಾರಿಗಿ ತಾಗ್ಯಾದ, ಅವರ ಮುಂದ ಹೋಗಿ, ಮಾರಿ ನೋಡಿ ಕೇಳಬೇಕು. ಒಬ್ಬರ್ನೂ ಬಿಡಂಗಿಲ್ಲ."

ಈಗ ನೋಡಿ ಚಮತ್ಕಾರ. ಮರುದಿನ ಸೇಡಂನಲ್ಲಿ ಆಡಿಸಿದೆ. ಆಮೇಲೆ ಮಾಫ್ ಕೇಳಬೇಕೆಂದರೆ ಯಾರಿಗೆ ತಾಗಿತೆಂದು ನೆನಪಿರಬೇಕು. ನೆನಪಿರಬೇಕೆಂದರೆ ಮುಖ ನೋಡಬೇಕು. ಕಾಲು ತಾಗಿದ ಕೂಡಲೇ ಕೆಳಗೆ ಬಗ್ಗುತ್ತಿದ್ದವಳು ಈಗ ತಲೆ ಎತ್ತಿ ಎದುರಿನವಳ ಮುಖ ನೋಡುತ್ತಾಳೆ. ತಲೆ ಎತ್ತಿದವಳಿಗೆ ಪಕ್ಕದಿಂದ ಹಿಡಿಯಲು ಬರುವವರೂ ಕಾಣುತ್ತಾರೆ. ತಪ್ಪಿಸಿಕೊಂಡು ಬಂದಳು! ಮತ್ತೆ ಹೋದಳು, ಮತ್ತೆ ಬಂದಳು. ಸೇಡಂ ಹುಡುಗಿಯರು ಸುಸ್ತಾಗಿ ಅಂಗಳದಲ್ಲೇ ಕುಳಿತರು. ಆಮೇಲೆ ಅವಳು ಒಬ್ಬೊಬ್ಬರ ಎದುರು ನಿಂತು, ಮುಖ ನೋಡಿ, ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಆದರೂ ವರದಿಯಲ್ಲಿ ನನ್ನ ಹೆಸರನ್ನೇ ಬರೆಯಿರಿ.

ಅವಳನ್ನು ಶನಿವಾರ ಹುಬ್ಬಳ್ಳಿ ಬಸ್ಸಿಗೆ ಹತ್ತಿಸುತ್ತೇನೆ. ನಾನಿಲ್ಲದೆ ಹೋಗುತ್ತಿದ್ದಾಳೆ, ನೀವು ನೋಡಿಕೊಳ್ಳಬೇಕು.

ನಿಮ್ಮ ಚಾಚಾ ಬಂದೇಅಲಿ


ಹುಬ್ಬಳ್ಳಿ
೨೫ ಫೆಬ್ರುವರಿ ೨೦೨೫

ಚಾಚಾ,

ಟ್ರಯಲ್ ಮುಗಿಯಿತು. ನೀವು ನೋಡಬೇಕಿತ್ತು. ಹೋದ ವರ್ಷ ನೀವು ಬಾಯಿ ಮುಚ್ಚಿಕೊಂಡಿದ್ದರೆ ನೋಡಬಹುದಿತ್ತು.

ಎಲ್ಲ ಜಿಲ್ಲೆಯ ಹುಡುಗಿಯರನ್ನು ಕಲಸಿ ಎರಡು ತಂಡ ಮಾಡಿದ್ದರು. ಲೀಗಿನ ಎಂಟೂ ತಂಡಗಳವರು ಸುತ್ತ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ರಮಾಬಾಯಿ ಮೊದಲ ರೇಡಿಗೆ ಹೋದಳು. ಕಾಲು ಚಾಚಿದಳು, ತಾಗಿತು. ಕೈ ಒಂದಿಷ್ಟು ಕೆಳಗೆ ಹೊರಟಿತು, ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಅವಳು ನಡುಗೆರೆ ದಾಟಿ ತನ್ನ ಅಂಗಳದಲ್ಲಿ ನಿಂತಿದ್ದಳು. ಆಮೇಲೆ ನಾನು ಕಣ್ಣು ಮುಚ್ಚಲಿಲ್ಲ.

ನಿಮ್ಮ ಚಿತ್ತಾಪುರದ ಸಮ್ರೀನ್ ಎದುರು ತಂಡದ ಬಲ ಮೂಲೆಯಲ್ಲಿದ್ದಳು. ಕೈಗೆ ಸಿಕ್ಕ ಒಬ್ಬ ರೇಡರನ್ನೂ ಅವಳು ಬಿಟ್ಟಿರಲಿಲ್ಲ. ಕೊನೆಯ ರೇಡಿನಲ್ಲಿ ರಮಾಬಾಯಿ ಅವಳನ್ನೇ ಮುಟ್ಟಿ, ಅವಳ ಕೈಯಿಂದಲೇ ಜಾರಿಕೊಂಡು ಬಂದಳು. ಪಂದ್ಯ ಅಲ್ಲಿಗೆ ಮುಗಿಯಿತು. ಮುಗಿದ ಮೇಲೆ ರಮಾಬಾಯಿ ಎದುರಿನವರ ಕಡೆ ಹೊರಟಾಗ ಒಬ್ಬಳು ಜಗಳಕ್ಕೆ ಬಂದಳೆಂದು ಹಿಂದೆ ಸರಿದಳು. ಆಮೇಲೆ ಎಲ್ಲರೂ ನಕ್ಕರು, ಇಬ್ಬರು ಅವಳನ್ನು ಅಪ್ಪಿಕೊಂಡರು.

ಮುಂದಿನದನ್ನು ಈಗ ಬರೆಯುವಂತಿಲ್ಲ. ಡ್ರಾಫ್ಟ್ ಮಾರ್ಚ್ ೨೨ಕ್ಕೆ. ಅಲ್ಲಿಯವರೆಗೆ ತಾಳ್ಮೆಯಿಂದಿರಿ.

ಕರುಣಾ


ವಾಡಿ
೬ ಮಾರ್ಚ್ ೨೦೨೫

ಬೇಟಿ ಕರುಣಾ,

ರೋಜಾ ಶುರುವಾಗಿದೆ. ಹಸಿವನ್ನು ತಾಳಬಹುದು, ನಿಮ್ಮ ಮೌನ ತಾಳಲು ಆಗುತ್ತಿಲ್ಲ. ರಮಾಬಾಯಿ ಖುಷಿಯಲ್ಲಿದ್ದಾಳೆ. ಹುಬ್ಬಳ್ಳಿಯದೆಲ್ಲ ವರದಿ ಒಪ್ಪಿಸಿದಳು. ಪಂದ್ಯವಾದ ಮೇಲೆ ಕೋಚ್ ಏನೋ ಮಾತಾಡಬೇಕೆಂದು ಕರೆದಿದ್ದರಂತೆ. ಇವಳಿಗೆ ಬಸ್ ಸ್ಟ್ಯಾಂಡಿನಲ್ಲಿ ಏನೋ ಕೆಲಸವಿತ್ತಂತೆ, ತಿರುಗಿ ಬರುವಷ್ಟರಲ್ಲಿ ಬಾಗಿಲು ಹಾಕಿತ್ತಂತೆ. ಚಹಾ ಕುಡಿಸಲು ಕರೆದಿದ್ದರೇನೋ. ರಮೇಶಕುಮಾರ ಸರ್‌ಗೆ ಬೇಸರ ಬೇಡ ಎಂದು ಹೇಳಿ, ಚಹಾ ಆಯ್ಕೆಯಾದ ಮೇಲೆ ಕುಡಿದರಾಯಿತು.

ಚಾಚಾ


ವಾಡಿ
೧೩ ಮಾರ್ಚ್ ೨೦೨೫

ಬೇಟಿ,

ಉತ್ತರವಿಲ್ಲ. ಏನೋ ಆಗಿದೆ. ನನ್ನಿಂದ ಕಲಿತ ವಿದ್ಯೆಯನ್ನು ನನ್ನ ಮೇಲೆಯೇ ಪ್ರಯೋಗ ಮಾಡಬೇಡಿ.

ಬಂದೇಅಲಿ


ಹುಬ್ಬಳ್ಳಿ
೧೭ ಮಾರ್ಚ್ ೨೦೨೫

ಚಾಚಾ,

ಒಳ್ಳೆಯ ಸುದ್ದಿಯ ಜೊತೆಗೇ ಬರೆಯೋಣ ಎಂದು ಕಾದೆ. ಒಳ್ಳೆಯ ಸುದ್ದಿ ಬರಲಿಲ್ಲ.

ಅದು ಚಹಾಕ್ಕೆ ಕರೆದದ್ದಲ್ಲ. ಕೋಚ್ ಎದುರು ಕುಳಿತು ಮಾತಾಡುವುದು ನಮ್ಮ ತಂಡದ ಆಯ್ಕೆಯ ಕೊನೆಯ ಹಂತ. ರಮಾಬಾಯಿಯ ಸರದಿ ಬಂದಾಗ ಬಾಗಿಲಲ್ಲಿ ನಾನೇ ನಿಂತಿದ್ದೆ. ಅವಳು ಓಡಿ ಬಂದು, "ಮೇಡಂ, ಇನ್ನಾ ಒಬ್ಬಾಕಿ ಉಳಿದಾಳ್ರಿ. ಸಮ್ರೀನ್. ಅಳ್ಕೋತ ಬಸ್ ಸ್ಟ್ಯಾಂಡಿಗಿ ಹೋದ್ಳಂತ. ಈಗ ಬರ್ತೀನ್ರಿ" ಎಂದಳು. ನಾನು ಕೈ ಹಿಡಿದು ನಿಲ್ಲಿಸಬಹುದಿತ್ತು. ನಿಲ್ಲಿಸಲು ಮನಸ್ಸು ಬರಲಿಲ್ಲ. ಮ್ಯಾಟಿನ ಬೂಟಿನಲ್ಲೇ ರಸ್ತೆಗೆ ಓಡಿದಳು.

ಕೋಚ್‌ಗೆ ಈಗ ಎಲ್ಲವನ್ನೂ ಹೇಳಿದ್ದೇನೆ, ನಿಮ್ಮ ತೊಗರಿ ಚೀಲವನ್ನೂ ಬಿಡದೆ. ಅವರು ಕೆಟ್ಟವರಲ್ಲ ಚಾಚಾ, ಕೇಳಿ ನಕ್ಕರು. ನಕ್ಕು, "ಸಂಸ್ಕಾರ ಇದೆ, ಶಿಸ್ತಿಲ್ಲ. ಇವತ್ತು ನನ್ನನ್ನು ಬಿಟ್ಟು ಹೋದವಳು ನಾಳೆ ಪಂದ್ಯ ಬಿಟ್ಟು ಹೋಗುತ್ತಾಳೆ" ಎಂದು ಅವಳ ಹೆಸರು ಹೊಡೆದರು. ಮೂರು ಸಲ ಜಗಳವಾಡಿದೆ. ಅವರು ಬೇರೊಬ್ಬ ರೇಡರ್‌ನ ಹೆಸರನ್ನು ನಿಗದಿ ಮಾಡಿದ್ದಾರೆ. ಶನಿವಾರ ಅದನ್ನು ಮೈಕಿನಲ್ಲಿ ಕೂಗಬೇಕಾದವಳು ನಾನು.

ರಮಾಬಾಯಿಗೆ ಈಗಲೇ ಹೇಳಬೇಡಿ. ನನಗೆ ಅಳು ಬರುತ್ತಿದೆ, ಇಷ್ಟಕ್ಕೆ ನಿಲ್ಲಿಸುತ್ತೇನೆ.

ಕರುಣಾ


ಹುಬ್ಬಳ್ಳಿ
೨೩ ಮಾರ್ಚ್ ೨೦೨೫

ಚಾಚಾ,

ನಿನ್ನೆ ಫೋನಿನಲ್ಲಿ ನಾನು ಕೂಗಿದ್ದಷ್ಟೇ ನಿಮಗೆ ಕೇಳಿಸಿರಬೇಕು. ಈಗ ಸಾವಧಾನವಾಗಿ ಬರೆಯುತ್ತೇನೆ, ಚಾಚಿಗೂ ಓದಿ ಹೇಳಿ.

ಬೆಳಿಗ್ಗೆ ಹಿಡಿಯುವವರ ಸರದಿ ಇತ್ತು. ಸಮ್ರೀನ್‌ಳನ್ನು ಕಾವೇರಿ ತಂಡದವರು ಕರೆದರು. ಆಯ್ಕೆಯಾದವರು ಅವರವರ ತಂಡದ ಮೇಜಿನಲ್ಲೇ ಕೂರಬೇಕು, ಅವಳು ಹೋಗಿ ಕೂತಳು. ಊಟದ ನಂತರ ರೇಡರ್‌ಗಳು. ಒಂದೊಂದೇ ತಂಡ ಹೆಸರು ಕರೆಯುತ್ತ ಬಂತು. ಚಂದಮ್ಮನನ್ನೂ ಯಾರೋ ಕರೆದರು, ನಮ್ಮ ಲೀಗಿನ ಅಂಪೈರುಗಳನ್ನು ದೇವರೇ ಕಾಪಾಡಲಿ. ಕೊನೆಗೆ ಉಳಿದದ್ದು ಕಾವೇರಿ, ಅವರಾದ ಮೇಲೆ ನಾವು.

ಕೋಚ್ ಬರೆದುಕೊಟ್ಟ ಚೀಟಿ ನನ್ನ ಕೈಯಲ್ಲಿತ್ತು. ನಾನು ಅದನ್ನು ಮಡಿಸಿ ಪರ್ಸಿಗೆ ಹಾಕಿದೆ. ರಮಾಬಾಯಿಯ ಹೆಸರನ್ನೇ ಕೂಗುವುದೆಂದು ಗಟ್ಟಿ ಮಾಡಿಕೊಂಡೆ. ಕೆಲಸ ಹೋದರೆ ಹೋಯಿತು, ವಾಡಿಗೆ ಬಂದು ಚಾಚಿಯ ಕೈಯಡುಗೆ ಉಣ್ಣುತ್ತ ಇರೋಣ ಅಂದುಕೊಂಡೆ. ಮೈಕಿನ ಕಡೆ ಕೈ ಚಾಚಿದೆ. ಅಷ್ಟರಲ್ಲಿ ಕಾವೇರಿಯ ಮ್ಯಾನೇಜರ್ ಎದ್ದು ನಿಂತು ಹೇಳಿದರು, "ರಮಾಬಾಯಿ, ಕುರಕುಂಟಾ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಇಡೀ ಸಭೆ ತಿರುಗಿ ನೋಡುವ ಹಾಗೆ. ರಮೇಶಕುಮಾರ ಸರ್, "ಯಾರ ಕಡೆಯವಳಮ್ಮ ನೀನು?" ಎಂದರು. ಪರ್ಸಿನಿಂದ ಚೀಟಿ ತೆಗೆದು ಅದರಲ್ಲಿದ್ದ ಹೆಸರನ್ನೇ ಓದಿದೆ. ನನ್ನ ಕೆಲಸ ಉಳಿಯಿತು.

ಎಲ್ಲ ಮುಗಿದ ಮೇಲೆ ಆ ಮ್ಯಾನೇಜರನ್ನು ಹಿಡಿದು ಕೇಳಿದೆ. ಊಟದ ಹೊತ್ತಿನಲ್ಲಿ ಅವರು ಸಮ್ರೀನ್‌ಳನ್ನು, ಟ್ರಯಲ್‌ನಲ್ಲಿ ಕೈಗೆ ಸಿಗದೆ ಹೋದ ಆ ಒಬ್ಬಳು ಯಾರು ಎಂದು ವಿಚಾರಿಸಿದ್ದರಂತೆ. ಪಕ್ಕದಲ್ಲೇ ಇದ್ದ ಸಮ್ರೀನ್ ಅದನ್ನು ನನಗೂ ಹೇಳಿದಳು.

"ಸೋತೀನಂತ ಅಳ್ಕೋತ ಬಸ್ಸಿನಾಗ ಕುಂತಿದ್ನಿರಿ. ಡ್ರೈವರ್ ಗಾಡಿ ಚಾಲೂ ಮಾಡ್ಯಾನ, ಇಕಿ ಓಡ್ಕೋತ ಬಂದು ಕಿಡಕಿಯಾಗಿಂದ ಕೈ ಹಾಕಿ ನನ್ನ ಮುಟ್ಟಿ ಕಣ್ಣಿಗಿ ಒತ್ಕೊಂಡ್ಳು. 'ಕಾಲು ತಾಗಿತ್ತಕ್ಕಾ' ಅಂದ್ಳು. ಅಳೋದ್ರಾಗೇ ನಗು ಬಂದುಬಿಡ್ತು. ಅದಕ್ಕ ಸರ್‌ಗೆ ಹೇಳಿದೆ, ಅಂಥಾಕಿ ನಮ್ಮ ಎದುರು ಬ್ಯಾಡ್ರಿ, ನಮ್ಮ ಕಡೆನೇ ಇರ್ಲಿ ಅಂತ."

ಕೋಚ್‌ಗೆ ಇದನ್ನು ಹೇಳಿದೆ. ಅವರು "ತಪ್ಪು ಮಾಡಿದೆನೇನೋ" ಎಂದರು. ಅದಾದ ಮೇಲೆ ಎಂದಿನ ಹಾಗೆ ಆಜ್ಞೆ ಮಾಡಿದರು. ಏಪ್ರಿಲ್‌ನಲ್ಲಿ ನಮ್ಮ ಮೊದಲ ಪಂದ್ಯವೇ ಕಾವೇರಿಯ ಎದುರು. ರಮಾಬಾಯಿಯನ್ನು ಹಿಡಿಯುವುದು ಹೇಗೆ ಎಂದು ನೀವು ವರದಿ ಬರೆಯಬೇಕಂತೆ. ಹೊಗಳಬೇಡಿ, ಉಪಾಯ ಬರೆಯಿರಿ.

ನಿಮ್ಮ ಕರುಣಾ


ವಾಡಿ
೪ ಏಪ್ರಿಲ್ ೨೦೨೫

ಬೇಟಿ ಕರುಣಾ,

ಈದ್ ಚೆನ್ನಾಗಿ ಆಯಿತು. ಮಾಸುಮಬಿ ಶೀರ್ ಖುರ್ಮಾ ಡಬ್ಬಿಗೆ ತುಂಬಿಕೊಟ್ಟಳು, ಕುರಕುಂಟಾಕ್ಕೆ ಒಯ್ದೆ. ರಮಾಬಾಯಿ ತರಬೇತಿಗೆ ಹೊರಟು ಬ್ಯಾಗು ಕಟ್ಟುತ್ತಿದ್ದಳು. "ಮುಂದ ಯಾರ ಜೋಡಿ ಆಡ್ಲಿ ಅಂತಿದ್ದೆಲ್ಲ, ಈಗೇನಂತೀ?" ಅಂದೆ. ಹುಡುಗಿ ಬಾಯಿ ತುಂಬ ನಕ್ಕಳು. ಅನಸುಬಾಯಿಗೆ ಮಾತ್ರ ಒಂದು ಚಿಂತೆ. "ಅಲ್ಲಿ ಹುಡುಗ್ಯಾರು ಬ್ಯಾರೆ ಬ್ಯಾರೆ ಭಾಷೆದವರು ಇರ್ತಾರಂತ. ಇಕಿ ಹೋಗಿ ಮುಟ್ಟಿದ್ರ ಯಾಕಂತ ತಿಳೀತದೇನ್ರಿ ಸಾಬ್ರ?" ಎಂದು ಕೇಳಿದರು. ತಿಳಿಯುತ್ತದೆ ಎಂದು ನಾನು ಜವಾಬ್ದಾರಿ ಹೊತ್ತು ಹೇಳಿಬಂದಿದ್ದೇನೆ. ವಾಪಸ್ಸು ಬರುವಾಗ ಪ್ಯಾಸೆಂಜರ್ ಗಾಡಿಯಲ್ಲಿ ಕುಳಿತು ಒಬ್ಬನೇ ಅತ್ತೆ. ಖುಷಿಗೆ ಅತ್ತದ್ದು, ತಪ್ಪು ತಿಳಿಯಬೇಡಿ.

ಈಗ ರಮೇಶಕುಮಾರ ಸರ್ ಕೇಳಿದ ವರದಿ. ಸಂಬಳ ತಿನ್ನುವವನು ನಾನು, ಮುಚ್ಚಿಡದೆ ಬರೆಯುತ್ತೇನೆ. ಅವಳು ಕಾಲು ಚಾಚುವ ಮೊದಲು ಎಡಕ್ಕೆ ಒಂದು ಸುಳ್ಳು ಹೆಜ್ಜೆ ಹಾಕುತ್ತಾಳೆ, ಅದಕ್ಕೆ ಮರುಳಾಗಬಾರದು. ಇಬ್ಬರು ಕೈ ಕೈ ಹಿಡಿದು ಒಟ್ಟಿಗೆ ಹೋಗಬೇಕು, ಒಬ್ಬಳೇ ಹೋದರೆ ಕೆಲಸವಿಲ್ಲ. ಕಾಲು ತಾಗಿದ ಮೇಲೆ ಅವಳು ಮುಖ ನೋಡುತ್ತಾಳೆ. ನಮ್ಮ ಹುಡುಗಿ ಆಗ ತಿರುಗಿ ಅವಳ ಮುಖ ನೋಡಿದಳೋ, ಕೆಟ್ಟಳು. ಔಟ್ ಮಾಡಿದವಳು ಅಷ್ಟು ಮರ್ಯಾದೆಯಿಂದ ನೋಡಿದರೆ ಹಿಡಿಯುವ ಕೈ ಒಂದು ಗಳಿಗೆ ತಡವಾಗುತ್ತದೆ. ಅವಳಿಗೆ ಅಷ್ಟು ಸಾಕು. ಇದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ಇನ್ನೊಂದು ಮಾತು, ಇದನ್ನು ಕೋಚ್‌ಗೆ ಖಂಡಿತ ಹೇಳಿ. ಸೋಲಲಿ, ಗೆಲ್ಲಲಿ, ಪಂದ್ಯ ಮುಗಿದ ಕೂಡಲೇ ನಮ್ಮ ಹುಡುಗಿಯರನ್ನು ಬಸ್ಸಿಗೆ ಹತ್ತಿಸಬೇಡಿ. ಅವಳು ಹುಡುಕಿಕೊಂಡು ಬರುತ್ತಾಳೆ.

ನಿಮ್ಮ ಚಾಚಾ
ಬಂದೇಅಲಿ